ರ‍್ಯಾಲಿಗೆ ದೊಡ್ಡ ಎಂಜಿನ್ ಕಟ್ಟುವುದು: ಬಿಡಿಭಾಗಗಳನ್ನು ಯಾವ ಕ್ರಮದಲ್ಲಿ ಆರಿಸಬೇಕು?

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ರ‍್ಯಾಲಿ, ಆಟೋಕ್ರಾಸ್ (ಮಣ್ಣಿನ ಚಿಕ್ಕ ಟ್ರ್ಯಾಕಿನ ಓಟ) ಅಂತ ಹೋಗುವವರು ಎಂಜಿನ್ ದೊಡ್ಡದು ಮಾಡಲು ಹೊರಟಾಗ ಎಡವುವುದು ಹೆಚ್ಚಾಗಿ ಒಂದೇ ಕಡೆ. ಮೊದಲು ಪಿಸ್ಟನ್ ತರಿಸುತ್ತಾರೆ. ಆಮೇಲೆ ಬ್ಲಾಕ್ ಹುಡುಕುತ್ತಾರೆ. ನಿಯಮ ಪುಸ್ತಕ ತೆರೆಯುವುದು ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ಪೂರ್ತಿ ತಲೆಕೆಳಗು. ದುಡ್ಡು ಹೋಗುವುದಷ್ಟೇ ಅಲ್ಲ, ಚೆನ್ನಾಗಿ ಕಟ್ಟಿದ ಎಂಜಿನ್ ಕೂಡ ಸ್ಪರ್ಧೆಗೆ ಬಾರದಂತೆ ಆಗಿಬಿಡುತ್ತದೆ.

ಇಲ್ಲಿ ಉದಾಹರಣೆಗೆ ಮಾರುತಿಯ ಜಿ ಸರಣಿಯ ಎಂಜಿನ್‌ಗಳನ್ನು ತೆಗೆದುಕೊಂಡಿದ್ದೇನೆ. ಜಿಪ್ಸಿ ಕಿಂಗ್ ಮತ್ತು ಎಸ್ಟೀಮ್‌ನ 1.3 ಲೀಟರಿನದು ಒಂದು, ಹಳೆಯ ಬಲೆನೊ ಸೆಡಾನ್‌ನ 1.6 ಲೀಟರಿನದು ಇನ್ನೊಂದು. ಬಲೆನೊ ಅಂದರೆ ಈಗಿನ ಹ್ಯಾಚ್‌ಬ್ಯಾಕ್ ಅಲ್ಲ, 1999ರಲ್ಲಿ ಬಂದು 2007ಕ್ಕೆ ನಿಂತ ಡಿಕ್ಕಿ ಇರುವ ಕಾರು. ನಿಮ್ಮ ಗಾಡಿ ಬೇರೆ ಇರಬಹುದು. ಅಂಕಿ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

## ಮೊದಲು ಕೈಯಲ್ಲಿ ಇರಬೇಕಾದ ಸಾಮಾನು

ಬೋರ್ ಡಯಲ್ ಗೇಜ್, ಮೈಕ್ರೋಮೀಟರ್, ಫೀಲರ್ ಗೇಜ್, ಸ್ಟ್ರೈಟ್ ಎಡ್ಜ್, ಡಯಲ್ ಇಂಡಿಕೇಟರ್, ಪ್ಲಾಸ್ಟಿಗೇಜ್, ಡಿಗ್ರಿ ವೀಲ್, ನಂಬಬಹುದಾದ ಟಾರ್ಕ್ ರೆಂಚ್, ಲ್ಯಾಬ್‌ನಲ್ಲಿ ಬಳಸುವ ಬ್ಯುರೆಟ್ ಒಂದು. ಜೊತೆಗೆ ಕಂಪ್ರೆಶನ್ ಗೇಜ್. ಎಲ್ಲವನ್ನೂ ಕೊಳ್ಳಬೇಕಿಲ್ಲ. ಬೋರಿಂಗ್ ಅಂಗಡಿಯವರಲ್ಲಿ ಗೇಜ್ ಇರುತ್ತದೆ. ಆದರೆ ಅಳೆಯುವಾಗ ನೀವು ಪಕ್ಕದಲ್ಲೇ ನಿಂತು ಓದನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಆ ಪುಸ್ತಕವೇ ಮುಂದೆ ಪಾರ್ಟ್ಸ್ ಅಂಗಡಿಗೆ ಹೋಗುವಾಗ ಬೇಕಾಗುವುದು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ., ಅದು ಪರವಾಗಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಗೋ ಕೊಯಮತ್ತೂರಿಗೋ ಹೋಗಿ ತಪ್ಪು ಸೈಜ್ ತಂದರೆ ಮತ್ತೆ ಹೋಗಿ ಬದಲಿಸುವ ಹೊತ್ತಿಗೆ ಸೀಸನ್ ಮುಗಿದಿರುತ್ತದೆ.

## 1. ಕ್ಲಾಸ್ ಯಾವುದು ಅಂತ ತೀರ್ಮಾನಿಸಿ

ನಮ್ಮಲ್ಲಿ ರ‍್ಯಾಲಿ ನಿಯಮ ಮಾಡುವುದು ದೇಶದ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಎಂಎಸ್‌ಸಿಐ. ಆ ವರ್ಷದ ತಾಂತ್ರಿಕ ನಿಯಮಗಳನ್ನು ತರಿಸಿಕೊಂಡು, ನಿಮ್ಮ ಕ್ಲಾಸಿನ ಸಿಸಿ ಮಿತಿ ಎಷ್ಟು, ಯಾವ ಭಾಗ ಬದಲಿಸಬಹುದು, ಯಾವುದು ಕಂಪನಿಯದ್ದೇ ಇರಬೇಕು ಎಂದು ಗೆರೆ ಎಳೆದು ಓದಿ. ಹೋದ ವರ್ಷದ ಪ್ರತಿ ನಂಬಬೇಡಿ.

ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಯ ಗ್ರೂಪ್ ಎನ್ (ಮಾರಾಟದ ಕಾರಿಗೆ ಸ್ವಲ್ಪವೇ ಬದಲಾವಣೆ ಬಿಡುವ ವರ್ಗ) ನಿಯಮ ಗೊತ್ತಿದ್ದರೆ ಒಳ್ಳೆಯದು. ಅದರಲ್ಲಿ ಸಿಲಿಂಡರಿನ ಮೂಲ ಒಳ ಅಗಲ, ಅಂದರೆ ಮೂಲ ಬೋರ್‌ಗಿಂತ ಗರಿಷ್ಠ 0.6 ಮಿ.ಮೀ. ತನಕ ರೀಬೋರ್ ಮಾಡಲು ಬಿಡುತ್ತಾರೆ. ಆದರೆ ಹಾಗೆ ಮಾಡಿದಾಗ ಸಿಸಿ ಕ್ಲಾಸಿನ ಮಿತಿ ದಾಟಬಾರದು. ಈ ಎರಡನೇ ಮಾತೇ ಮುಖ್ಯ. ಯಾಕೆಂದು ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಆರ್‌ಸಿ. ಡರ್ಟ್ ಟ್ರ್ಯಾಕ್, ಆಟೋಕ್ರಾಸ್‌ಗೆ ಗಾಡಿಯನ್ನು ಟ್ರೇಲರ್ ಮೇಲೆ ಒಯ್ಯಬಹುದು. ಸ್ಟೇಜ್ ರ‍್ಯಾಲಿ ಹಾಗಲ್ಲ. ಸಮಯ ಅಳೆಯುವ ಒಂದು ತುಣುಕಿನಿಂದ (ಸ್ಟೇಜ್) ಇನ್ನೊಂದಕ್ಕೆ ಸಾರ್ವಜನಿಕ ರಸ್ತೆಯಲ್ಲೇ ಹೋಗಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಎಂಜಿನ್ ಬದಲಿಸುವ ಹಾಗಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಇಂಥ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಕೆಎಲ್ 14 ನಂಬರಿನ ಗಾಡಿಗೆ 1.6 ಎಂಜಿನ್ ಕೂರಿಸುವ ಯೋಚನೆ ಇದ್ದರೆ, ಸ್ಪ್ಯಾನರ್ ಹಿಡಿಯುವ ಮುಂಚೆ ಕಾಸರಗೋಡು ಆರ್‌ಟಿಒ ಕಚೇರಿಗೆ ಹೋಗಿ ಕೇಳಿ. ಅಲ್ಲಿ ಆಗುವುದಿಲ್ಲ ಎಂದರೆ ಆ ಗಾಡಿ ಟ್ರೇಲರ್ ಮೇಲೆ ಹೋಗುವ ಸ್ಪರ್ಧೆಗಳಿಗೆ ಮಾತ್ರ.

## 2. ಕಾಗದದ ಮೇಲೆ ಸಿಸಿ ಲೆಕ್ಕ ಹಾಕಿ

ಇದು ಹತ್ತು ನಿಮಿಷದ ಕೆಲಸ. ಹೆಚ್ಚಿನವರು ಬಿಡುವುದೂ ಇದನ್ನೇ.

ಸೂತ್ರ ಸರಳ: ಬೋರ್ × ಬೋರ್ × ಸ್ಟ್ರೋಕ್ × 0.7854 × ಸಿಲಿಂಡರ್ ಸಂಖ್ಯೆ. ಸ್ಟ್ರೋಕ್ ಅಂದರೆ ಪಿಸ್ಟನ್ ಮೇಲಿಂದ ಕೆಳಗೆ ಚಲಿಸುವ ದೂರ. ಅಳತೆ ಸೆಂಟಿಮೀಟರಿನಲ್ಲಿ ಹಾಕಿದರೆ ಉತ್ತರ ಸಿಸಿಯಲ್ಲಿ ಬರುತ್ತದೆ.

1.3 ಎಂಜಿನ್‌ನ ಬೋರ್ 74 ಮಿ.ಮೀ., ಸ್ಟ್ರೋಕ್ 75.5 ಮಿ.ಮೀ. ಲೆಕ್ಕ ಹಾಕಿದರೆ ಸುಮಾರು 1,299 ಸಿಸಿ. ಇದಕ್ಕೆ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿಸಿದಿರಿ ಅನ್ನಿ. ಬೋರ್ 74.5 ಆಯಿತು, ಸಿಸಿ ಸುಮಾರು 1,316. ಇಷ್ಟೆಲ್ಲ ಬಿಚ್ಚಿ ಕಟ್ಟಿದ್ದಕ್ಕೆ ಸಿಕ್ಕಿದ್ದು ಬರೀ 17-18 ಸಿಸಿ. "ಬೋರ್ ಮಾಡಿಸಿದ್ರೆ ಪವರ್ ಬರ್ತದೆ" ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ. ಓವರ್‌ಸೈಜ್ ಇರುವುದು ಸವೆದ ಬೋರ್ ಸರಿ ಮಾಡಲಿಕ್ಕೆ, ಎಂಜಿನ್ ದೊಡ್ಡದು ಮಾಡಲಿಕ್ಕೆ ಅಲ್ಲ.

ನಿಜವಾಗಿ ಸಿಸಿ ಏರುವುದು ಸ್ಟ್ರೋಕ್‌ನಲ್ಲಿ. ಬಲೆನೊ 1.6ರ ಬೋರ್ 75, ಸ್ಟ್ರೋಕ್ 90 ಮಿ.ಮೀ. ಲೆಕ್ಕ 1,590 ಸಿಸಿ. ಬೋರ್ ಒಂದೇ ಒಂದು ಮಿಲಿಮೀಟರ್ ದೊಡ್ಡದು, ಸ್ಟ್ರೋಕ್ ಹದಿನಾಲ್ಕೂವರೆ ಮಿಲಿಮೀಟರ್ ಜಾಸ್ತಿ. ನಮ್ಮ ಕಡೆಯ ಮಣ್ಣಿನ ರಸ್ತೆಗಳು ತಿರುವು, ಏರು, ಮತ್ತೆ ತಿರುವು. ಅಲ್ಲಿ ಬೇಕಾಗುವುದು 3,000 ಆರ್‌ಪಿಎಂನಲ್ಲೇ ಎಳೆಯುವ ಟಾರ್ಕ್. ಅದನ್ನು ಕೊಡುವ ಸುಲಭದ ದಾರಿ ದೊಡ್ಡ ಎಂಜಿನ್.

ಈಗ ಎಲ್ಲರೂ ಸಿಕ್ಕಿಬೀಳುವ ಜಾಗಕ್ಕೆ ಬರೋಣ. ಗುಜರಿಯಿಂದ ತಂದ 1.6 ಎಂಜಿನ್ ಸವೆದಿರುತ್ತದೆ. ಬೋರಿಂಗ್ ಅಂಗಡಿಯವರು ಅಭ್ಯಾಸದಂತೆ 0.25 ಓವರ್‌ಸೈಜ್ ಎನ್ನುತ್ತಾರೆ. ಬೋರ್ 75.25 ಆದರೆ ಸಿಸಿ ಎಷ್ಟು ಗೊತ್ತಾ? 1,601. ನಿಮ್ಮ ಕ್ಲಾಸಿನ ಮಿತಿ 1,600 ಇದ್ದರೆ ಆ ಎಂಜಿನ್ ಹೊರಗೆ. 0.50 ಹಾಕಿಸಿದರೆ 1,612 ಹತ್ತಿರ. ಆಗ ಎರಡು ಲೀಟರಿನ ಗಾಡಿಗಳ ಜೊತೆ ಓಡಬೇಕು. ಸ್ಪರ್ಧೆ ಮುಗಿದ ಮೇಲೆ ದೂರು ಬಂದರೆ ಹೆಡ್ ಬಿಚ್ಚಿಸಿ ಬೋರ್, ಸ್ಟ್ರೋಕ್ ಅಳೆಯುತ್ತಾರೆ. ಒಂದು ಸಿಸಿ ತಾನೇ ಎಂದು ಯಾರೂ ಬಿಡುವುದಿಲ್ಲ. 1.6ಕ್ಕೆ ಬ್ಲಾಕ್ ಆರಿಸುವಾಗ ಹುಡುಕಬೇಕಾದದ್ದು ಇನ್ನೂ ಸ್ಟ್ಯಾಂಡರ್ಡ್ ಬೋರ್‌ನಲ್ಲೇ ಇರುವ ಬ್ಲಾಕ್.

ಪಿಸ್ಟನ್ ವೇಗವನ್ನೂ ಈಗಲೇ ನೋಡಿಕೊಳ್ಳಿ. 6,500 ಆರ್‌ಪಿಎಂನಲ್ಲಿ 1.3ರ ಪಿಸ್ಟನ್ ಸರಾಸರಿ ಸೆಕೆಂಡಿಗೆ 16.4 ಮೀಟರ್ ಓಡುತ್ತದೆ. 1.6ರಲ್ಲಿ ಅದೇ ಆರ್‌ಪಿಎಂಗೆ 19.5 ಮೀಟರ್. 7,000ಕ್ಕೆ ಏರಿಸಿದರೆ 21. ಕಂಪನಿಯ ರಾಡ್, ಪಿಸ್ಟನ್ ಇಟ್ಟುಕೊಂಡು 20 ಮೀಟರ್ ದಾಟುವುದು ಬೇಡ. 1.3ರಲ್ಲಿ ಚೀರಿಸಿ ಓಡಿಸಿ ಅಭ್ಯಾಸ ಆದವರು 1.6ರಲ್ಲಿ ಆರ್‌ಪಿಎಂ ಮಿತಿ ಕಟ್ಟುವ ಲಿಮಿಟರ್ 6,500ಕ್ಕೇ ಇಡಿ.

## 3. ಬ್ಲಾಕ್: ದಾಖಲೆ ನೋಡಿ, ಅಳೆಯಿರಿ, ಆಮೇಲೆ ದುಡ್ಡು ಕೊಡಿ

1.3 ಬ್ಲಾಕಿಗೆ 1.6ರ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಹಾಕೋಣ ಎಂಬ ಆಸೆ ಬೇಡ. 1.6ರ ಬ್ಲಾಕೇ ಹೆಚ್ಚು ಎತ್ತರ. ಅದಕ್ಕೆ ಪೂರ್ತಿ ಎಂಜಿನ್ ತನ್ನಿ. ಬಲೆನೊದ್ದೇ ಇನ್‌ಟೇಕ್ ಮ್ಯಾನಿಫೋಲ್ಡ್, ಸೆನ್ಸರ್‌ಗಳು, ವೈರಿಂಗ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಫ್ಲೈವೀಲ್ ಎಲ್ಲ ಜೊತೆಗೆ ಸಿಕ್ಕರೆ ಬಿಡಬೇಡಿ. ಚಿಕ್ಕ ಬ್ರ್ಯಾಕೆಟ್, ನಟ್ಟು ಸಹ ಚೀಲಕ್ಕೆ ಹಾಕಿಕೊಳ್ಳಿ. ಆಮೇಲೆ ಒಂದೊಂದಾಗಿ ಹುಡುಕುವುದು ಬಲು ಕಷ್ಟ.

ಎಸ್ಟೀಮ್‌ನಲ್ಲಿ ಎಂಜಿನ್ ಅಡ್ಡ ಕೂತಿರುತ್ತದೆ, ಬಲೆನೊದಲ್ಲೂ ಹಾಗೇ. ಜಿಪ್ಸಿಯಲ್ಲಿ ಉದ್ದಕ್ಕೆ. ಅಲ್ಲಿ ಮೌಂಟಿಂಗ್, ಆಯಿಲ್ ಚೇಂಬರ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ), ನೀರಿನ ಹೋಸ್ ಹೊರಡುವ ಜಾಗ ಎಲ್ಲವೂ ತಲೆನೋವು. ಚೇಂಬರ್ ಮುಂದಿನ ಆಕ್ಸಲ್‌ಗೆ ತಾಗುತ್ತದಾ ಎಂದು ಸಸ್ಪೆನ್ಷನ್ ಪೂರ್ತಿ ಒತ್ತಿದ ಸ್ಥಿತಿಯಲ್ಲಿ ನೋಡಬೇಕು. ಗಾಡಿ ನಿಂತಾಗ ಬೆರಳು ತೂರುವಷ್ಟು ಜಾಗ ಇದೆ ಎಂದರೆ ಸಾಲದು.

ಗುಜರಿಯಲ್ಲಿ ಎಂಜಿನ್ ಕೊಳ್ಳುವಾಗ ಬಿಲ್, ಹಳೆಯ ಗಾಡಿಯ ಆರ್‌ಸಿ ಪ್ರತಿ, ನೋಂದಣಿ ರದ್ದಾದ ಕಾಗದ ಕೇಳಿ. ಎಂಜಿನ್ ನಂಬರ್ ಉಜ್ಜಿದ ಗುರುತು ಇದ್ದರೆ ಎಷ್ಟೇ ಕಡಿಮೆ ರೇಟಾದರೂ ಅಲ್ಲಿಂದ ಹೊರಟುಬಿಡಿ.

ಅಳತೆ ಹೀಗೆ. ಪ್ರತಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ, ಉದ್ದಕ್ಕೂ ಅಡ್ಡಕ್ಕೂ ಅಳೆಯಿರಿ. ಸವೆತ ಜಾಸ್ತಿ ಇರುವುದು ಮೇಲಿನ ರಿಂಗ್ ನಿಲ್ಲುವ ಜಾಗದಲ್ಲಿ. ಅಲ್ಲಿ ಉಗುರು ಎಳೆದರೆ ಅಂಚು ತಡೆಯುತ್ತದೆ. ನಾಲ್ಕರಲ್ಲಿ ಅತಿ ದೊಡ್ಡ ಓದು 75.05 ದಾಟಿದ್ದರೆ ಹೋನಿಂಗ್ (ಬೋರಿನ ಒಳಗೋಡೆ ನಯವಾಗಿ ಉಜ್ಜುವುದು) ಮಾಡಿ ಸ್ಟ್ಯಾಂಡರ್ಡ್ ಪಿಸ್ಟನ್ ಹಾಕುವ ಆಸೆ ಬಿಡಿ. ಪಿಸ್ಟನ್ ಸಡಿಲ ಆಗುತ್ತದೆ, ಆಯಿಲ್ ಕುಡಿಯುತ್ತದೆ. ಆಗ ಉಳಿಯುವ ದಾರಿ ಬೋರಿನೊಳಗೆ ಹೊಸ ಕೊಳವೆ, ಅಂದರೆ ಸ್ಲೀವ್ ಹಾಕಿಸಿ ಮತ್ತೆ 75ಕ್ಕೆ ತರುವುದು. ನಿಮ್ಮ ಕ್ಲಾಸಿನಲ್ಲಿ ಸ್ಲೀವ್‌ಗೆ ಅವಕಾಶ ಇದೆಯಾ ಎಂದು ನೋಡಿಕೊಂಡೇ ಮಾಡಿ.

ಬ್ಲಾಕಿನ ಮೇಲ್ಮೈಗೆ ಸ್ಟ್ರೈಟ್ ಎಡ್ಜ್ ಇಟ್ಟು ಕೆಳಗೆ 0.05 ಫೀಲರ್ ತೂರುತ್ತದಾ ನೋಡಿ. ತೂರಿದರೆ ಸರ್ಫೇಸಿಂಗ್ ಬೇಕು. ಉಪ್ಪುಗಾಳಿಯ ಊರಲ್ಲಿ ನಿಂತಿದ್ದ ಎಂಜಿನ್ ಆದರೆ ನೀರಿನ ದಾರಿಗಳ ಒಳಗೆ ಟಾರ್ಚ್ ಹಾಕಿ. ಪದರ ಪದರವಾಗಿ ತುಕ್ಕು ಉದುರುತ್ತಿದ್ದರೆ ಆ ಬ್ಲಾಕ್ ಬೇಡ.

## 4. ಕ್ರ್ಯಾಂಕ್ ಮತ್ತು ರಾಡ್

ಕ್ರ್ಯಾಂಕನ್ನು ಮೊದಲು ಬಿರುಕು ಪರೀಕ್ಷೆಗೆ ಕಳಿಸಿ, ಆಮೇಲೆ ಗ್ರೈಂಡಿಂಗ್. ಇದನ್ನು ಉಲ್ಟಾ ಮಾಡಿದರೆ ಬಿರುಕು ಬಿಟ್ಟ ಕ್ರ್ಯಾಂಕಿಗೆ ಗ್ರೈಂಡಿಂಗ್ ದುಡ್ಡು ಕೊಟ್ಟ ಹಾಗೆ. ಬೇರಿಂಗ್ ಕೂರುವ ಜರ್ನಲ್ ಮೇಲೆ ಗೀರು ಇಲ್ಲದೆ, ಅಳತೆ ಸ್ಟ್ಯಾಂಡರ್ಡ್ ಒಳಗೇ ಇದ್ದರೆ ಸುಮ್ನೆ ಗ್ರೈಂಡ್ ಮಾಡಿಸಬೇಡಿ. ಪಾಲಿಶ್ ಸಾಕು.

ರಾಡ್ ಬೋಲ್ಟ್ ಹೊಸದೇ ಇರಲಿ. ರಾಡ್ ಬಗ್ಗಿದೆಯಾ, ದೊಡ್ಡ ತುದಿ ದುಂಡಗಿದೆಯಾ ನೋಡಿಸಿ. ನಾಲ್ಕೂ ರಾಡ್ ತೂಗಿ ಒಂದು ಗ್ರಾಮಿನ ಒಳಗೆ ತನ್ನಿ, ಪಿಸ್ಟನ್‌ಗಳನ್ನೂ ಹಾಗೇ. ಇದಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಲುತ್ತದೆ. ಕ್ರ್ಯಾಂಕ್, ಫ್ಲೈವೀಲ್, ಕ್ಲಚ್‌ನ ಪ್ರೆಶರ್ ಪ್ಲೇಟ್ ಕೂಡಿಸಿ ಬ್ಯಾಲೆನ್ಸಿಂಗ್ ಮಾಡಿಸುವಾಗ ಮೂರಕ್ಕೂ ಗುರುತು ಹಾಕಿ. ಬಿಚ್ಚಿ ಮತ್ತೆ ಹಾಕುವಾಗ ಅದೇ ಜಾಗದಲ್ಲಿ ಕೂರಬೇಕು.

ಬೇರಿಂಗ್ ಕ್ಲಿಯರೆನ್ಸ್ (ನಡುವೆ ಬಿಡುವ ಸಂದು) ಪ್ಲಾಸ್ಟಿಗೇಜ್‌ನಲ್ಲಿ ನೋಡಿ. ಜರ್ನಲ್‌ನ ಪ್ರತಿ ಇಂಚಿಗೆ ಒಂದು ಸಾವಿರಾಂಶ ಇಂಚು ಎಂಬುದು ಹಳೆಯ, ಒಳ್ಳೆಯ ಲೆಕ್ಕ. 45 ಮಿ.ಮೀ. ಜರ್ನಲ್‌ಗೆ 0.045 ಮಿ.ಮೀ. ಕಂಪನಿಯ ಸರ್ವಿಸ್ ಪುಸ್ತಕದ ಅಂಕಿ ಸಿಕ್ಕರೆ ಅದೇ ಅಂತಿಮ.

## 5. ಪಿಸ್ಟನ್ ಈಗ ತನ್ನಿ

ಇಷ್ಟು ಹೊತ್ತು ಪಿಸ್ಟನ್ ಕೊಂಡಿಲ್ಲ, ಗಮನಿಸಿದಿರಲ್ವಾ? ಬ್ಲಾಕಿನ ಅಳತೆ ಕೈಗೆ ಬಂದ ಮೇಲೆ ಪಿಸ್ಟನ್. ಪಿಸ್ಟನ್ ಕೈಗೆ ಬಂದ ಮೇಲೆ ಬೋರಿನ ಕೊನೆಯ ಹೋನಿಂಗ್. ಪ್ರತಿ ಪಿಸ್ಟನನ್ನೂ ಅಳೆದು, ಅದು ಹೋಗುವ ಸಿಲಿಂಡರಿನ ನಂಬರ್ ಬರೆದು, ಅದಕ್ಕೇ ಹೊಂದುವಂತೆ ಹೋನ್ ಮಾಡಿಸಬೇಕು. ಬೋರ್ ಮಾಡಿಸಿ ಮುಗಿಸಿ ಆಮೇಲೆ ಪಿಸ್ಟನ್ ಹುಡುಕುವುದು ದೊಡ್ಡ ತಪ್ಪು.

ಫೋರ್ಜ್ಡ್ (ಬಡಿದು ಒತ್ತಿ ಮಾಡಿದ) ಪಿಸ್ಟನ್ ಬೇಕಾ? ಟರ್ಬೊ ಇಲ್ಲದೆ, 6,500ಕ್ಕೆ ಲಿಮಿಟರ್ ಇಟ್ಟು, ವರ್ಷಕ್ಕೆ ಕೆಲವೇ ಸ್ಪರ್ಧೆ ಓಡಿಸುವವರಿಗೆ ಕಂಪನಿಯ ಎರಕದ ಪಿಸ್ಟನ್ ಸಾಕು. ಆ ದುಡ್ಡು ಹೆಡ್ ಕೆಲಸಕ್ಕೂ ಇಸಿಯುಗೂ ಹೋಗಲಿ. ಫೋರ್ಜ್ಡ್ ಹಾಕುವುದೇ ಆದರೆ ಕ್ಲಿಯರೆನ್ಸ್ ಜಾಸ್ತಿ ಬೇಕು, ಪಿಸ್ಟನ್ ತಯಾರಕರ ಕಾಗದದಲ್ಲಿ ಇರುವಷ್ಟೇ ಬಿಡಿಸಿ. ಅಂಗಡಿಯವರು ಮಾಮೂಲಿ ಕಾರಿನ ಲೆಕ್ಕದಲ್ಲಿ ಬಿಗಿಯಾಗಿ ಬಿಟ್ಟರೆ ಬಿಸಿ ಏರಿದಾಗ ಹಿಡಿದುಕೊಳ್ಳುತ್ತದೆ.

ರಿಂಗ್ ಬಾಯಿಯ ಅಂತರ ಮೇಲಿನ ರಿಂಗ್‌ಗೆ 75 ಬೋರಿನಲ್ಲಿ ಸುಮಾರು 0.30 ಮಿ.ಮೀ. ರಿಂಗನ್ನು ಬೋರ್ ಒಳಗೆ ಪಿಸ್ಟನ್‌ನಿಂದ ತಳ್ಳಿ ನೇರ ಕೂರಿಸಿ ಅಳೆಯಿರಿ. ಕಡಿಮೆ ಇದ್ದರೆ ಅರದಿಂದ ಉಜ್ಜಿ. ತುಸು ಜಾಸ್ತಿ ಇದ್ದರೆ ಪ್ರಾಣ ಹೋಗುವುದಿಲ್ಲ, ಕಡಿಮೆ ಇದ್ದರೆ ರಿಂಗಿನ ಎರಡು ತುದಿ ಕೂಡಿ ಬೋರನ್ನೇ ಗೀರುತ್ತದೆ.

## 6. ಹೆಡ್ ಮತ್ತು ಕಂಪ್ರೆಶನ್

ದೊಡ್ಡ ಎಂಜಿನ್ ಕಟ್ಟುವವರು ಮರೆಯುವ ವಿಷಯ: ಸಿಸಿ ಏರಿಸಿ ಹೆಡ್‌ನಲ್ಲಿ ಇಂಧನ ಉರಿಯುವ ಚೇಂಬರ್ ಹಾಗೇ ಬಿಟ್ಟರೆ ಕಂಪ್ರೆಶನ್ ಅನುಪಾತ ತಾನಾಗಿ ಏರುತ್ತದೆ. 1.3ರಲ್ಲಿ ಒಂದು ಸಿಲಿಂಡರ್ 325 ಸಿಸಿ. ಕಂಪ್ರೆಶನ್ 9 ಇದ್ದರೆ ಮೇಲೆ ಉಳಿಯುವ ಜಾಗ 40.6 ಸಿಸಿ. ಅಷ್ಟೇ ಜಾಗವನ್ನು 1.6ರ 398 ಸಿಸಿ ಸಿಲಿಂಡರ್ ಮೇಲೆ ಇಟ್ಟರೆ ಕಂಪ್ರೆಶನ್ 10.8. ಇನ್ನೂ ಜಾಸ್ತಿ ಪವರ್‌ಗೆ ಅಂತ ಹೆಡ್ ಉಜ್ಜಿಸಿದರೆ 11 ದಾಟಿತು. ಪಂಪಿನ ಪೆಟ್ರೋಲಿನಲ್ಲಿ, ಬಿಸಿಲಲ್ಲಿ, ಏರು ರಸ್ತೆಯಲ್ಲಿ ನಾಕಿಂಗ್ (ಇಂಧನ ಅಡ್ಡಾದಿಡ್ಡಿ ಸಿಡಿದು ಎಂಜಿನ್ ಬಡಿದುಕೊಳ್ಳುವುದು) ಶುರು.

ಆದ್ದರಿಂದ ಅಳೆಯಿರಿ. ವಾಲ್ವ್, ಪ್ಲಗ್ ಹಾಕಿದ ಹೆಡ್ ಮಗುಚಿ, ಮೇಲೆ ತೂತಿರುವ ಅಕ್ರಿಲಿಕ್ ತುಂಡನ್ನು ಗ್ರೀಸ್ ಹಚ್ಚಿ ಕೂರಿಸಿ, ಬ್ಯುರೆಟ್‌ನಿಂದ ಸೀಮೆಎಣ್ಣೆ ಬಿಡಿ. ತುಂಬಿದಷ್ಟು ಚೇಂಬರಿನ ಸಿಸಿ. ಅದಕ್ಕೆ ಗ್ಯಾಸ್ಕೆಟ್‌ನ ಜಾಗ ಸೇರಿಸಿ. 76 ಮಿ.ಮೀ. ಬಾಯಿ, 1.2 ಮಿ.ಮೀ. ದಪ್ಪ ಇರುವ ಗ್ಯಾಸ್ಕೆಟ್ ಒತ್ತಿ ಕೂತಾಗ ಸುಮಾರು 5.4 ಸಿಸಿ. ಪಿಸ್ಟನ್ ಬ್ಲಾಕಿನ ಮೇಲ್ಮೈಗಿಂತ 0.3 ಮಿ.ಮೀ. ಕೆಳಗೆ ನಿಂತರೆ ಇನ್ನು 1.3 ಸಿಸಿ. ಪಿಸ್ಟನ್ ತಲೆಯ ತಗ್ಗು ಬೇರೆ. ಎಲ್ಲ ಸೇರಿ 44 ಸಿಸಿ ಬಂದರೆ ಕಂಪ್ರೆಶನ್ 10ರ ಹತ್ತಿರ. ಪಂಪಿನ ಪೆಟ್ರೋಲ್ ನಂಬಿ ಓಡಿಸುವವರು 10ಕ್ಕೇ ನಿಲ್ಲಿಸಿ ಎನ್ನುತ್ತೇನೆ, ಯಾವ ಕಾರಣಕ್ಕೂ 10.5 ಮೀರಬೇಡಿ.

ವಾಲ್ವ್ ಗೈಡ್, ಸೀಟ್ ಕಟಿಂಗ್, ಲ್ಯಾಪಿಂಗ್ ಚೊಕ್ಕವಾಗಿ ಮಾಡಿಸಿದ ಹೆಡ್ ಎಷ್ಟೋ ಸಲ ದುಬಾರಿ ಕ್ಯಾಮ್‌ಗಿಂತ ಹೆಚ್ಚು ಕೊಡುತ್ತದೆ. ಪೋರ್ಟ್ ಅಗಲಿಸುವ ಮುಂಚೆ ನಿಯಮ ಪುಸ್ತಕ ಮತ್ತೊಮ್ಮೆ ನೋಡಿ.

## 7. ಕ್ಯಾಮ್

ವಾಲ್ವ್ ತೆರೆದು ಮುಚ್ಚುವ ಕ್ಯಾಮ್ ಸೌಮ್ಯದ್ದೇ ಸಾಕು. ಉದ್ದ ಡ್ಯುರೇಷನ್ (ವಾಲ್ವ್ ಹೆಚ್ಚು ಹೊತ್ತು ತೆರೆದಿಡುವ) ಕ್ಯಾಮ್ 5,000ದ ಮೇಲೆ ಜೀವ ಹಿಡಿಯುತ್ತದೆ, ಅಷ್ಟರಲ್ಲಿ ನಮ್ಮ ತಿರುವು ಬಂದಿರುತ್ತದೆ. ಐಡಲ್‌ನಲ್ಲಿ ವ್ಯಾಕ್ಯೂಮ್ ಕಡಿಮೆಯಾಗಿ ಬ್ರೇಕ್ ಪೆಡಲ್ ಗಟ್ಟಿಯಾಗುತ್ತದೆ, ಅದು ಅಪಾಯ. ಯಾವ ಕ್ಯಾಮ್ ಹಾಕಿದರೂ ಪಿಸ್ಟನ್ ತಲೆ ಮೇಲೆ ಮೆತ್ತನೆ ಜೇಡಿ ಇಟ್ಟು, ಹೆಡ್ ಕೂರಿಸಿ, ಕೈಯಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿ, ವಾಲ್ವಿಗೂ ಪಿಸ್ಟನ್‌ಗೂ ಅಂತರ ಎಷ್ಟು ಉಳಿಯಿತು ಎಂದು ಜೇಡಿ ಕತ್ತರಿಸಿ ನೋಡಿ. ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರೂ ಹೊಸದು.

## 8. ಪೆಟ್ರೋಲ್ ಮತ್ತು ಇಸಿಯು

1.3ರ ಇಸಿಯುಗೆ 1.6 ಓಡಿಸಲು ಬರುವುದಿಲ್ಲ. ಮಿಶ್ರಣ ತೆಳುವಾಗಿ ಪಿಸ್ಟನ್ ಸುಡುತ್ತದೆ. ಬಲೆನೊದ್ದೇ ಇಸಿಯು, ವೈರಿಂಗ್ ಹಾಕಿ, ಇಲ್ಲವೇ ನಿಯಮ ಬಿಟ್ಟರೆ ಪ್ರೋಗ್ರಾಂ ಮಾಡಬಲ್ಲ ಇಸಿಯು ಹಾಕಿ ವೈಡ್‌ಬ್ಯಾಂಡ್ ಲ್ಯಾಂಬ್ಡಾ (ಹೊಗೆಯಲ್ಲಿ ಆಮ್ಲಜನಕ ಅಳೆಯುವ ಸೆನ್ಸರ್) ಜೊತೆ ಟ್ಯೂನ್ ಮಾಡಿಸಿ.

ಈಗ ಪಂಪಿನಲ್ಲಿ ಸಿಗುವುದು ಇ20, ಅಂದರೆ ಶೇ. 20 ಎಥನಾಲ್. ಮಾಮೂಲಿ ಪೆಟ್ರೋಲಿಗೆ ಗಾಳಿ-ಇಂಧನ ಅನುಪಾತ 14.7, ಇ20ಗೆ ಸುಮಾರು 13.5. ಇಸಿಯು ಒಳಗಿನ ಹಳೆಯ ಇಂಧನ ಲೆಕ್ಕ (ಮ್ಯಾಪ್) ಹಾಗೇ ಇಟ್ಟರೆ ಪೂರ್ತಿ ಥ್ರಾಟಲ್‌ನಲ್ಲಿ ಇಂಧನ ಸಾಲುವುದಿಲ್ಲ. ಸುಮಾರು 110 ಹಾರ್ಸ್‌ಪವರ್ ನಿರೀಕ್ಷೆ ಇದ್ದರೆ ಪ್ರತಿ ಇಂಜೆಕ್ಟರ್ ನಿಮಿಷಕ್ಕೆ 200 ಸಿಸಿ ಹತ್ತಿರ ಕೊಡುವಂಥದ್ದು ಇರಲಿ. ಹಳೆಯ ರಬ್ಬರ್ ಹೋಸ್, ಓ-ರಿಂಗ್ ಎಲ್ಲ ಎಥನಾಲ್ ತಡೆಯುವವಕ್ಕೆ ಬದಲಿಸಿ. ಎಥನಾಲ್ ನೀರು ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಟ್ಯಾಂಕ್ ಇಟ್ಟು ಗಾಡಿ ನಿಲ್ಲಿಸಿದ್ದರೆ, ಆ ಪೆಟ್ರೋಲ್ ಹೊಸ ಎಂಜಿನ್‌ಗೆ ಹಾಕಬೇಡಿ.

## 9. ಧೂಳು, ಆಯಿಲ್, ಬಿಸಿ

ಮುರಕಲ್ಲಿನ ಕೆಂಪು ಧೂಳು ನಮ್ಮ ಕಡೆಯ ಎಂಜಿನ್‌ಗಳ ದೊಡ್ಡ ಶತ್ರು. ದೊಡ್ಡ ಎಂಜಿನ್ ಜಾಸ್ತಿ ಗಾಳಿ ಎಳೆಯುತ್ತದೆ, ಫಿಲ್ಟರ್ ಬಾಕ್ಸ್ 1.3ರದ್ದೇ ಇದ್ದರೆ ಅಂಚಿನಲ್ಲಿ ಸೋರಿ ಧೂಳು ಒಳಗೆ ಹೋಗುತ್ತದೆ. ಪ್ರತಿ ಸ್ಟೇಜ್ ದಿನ ಮುಗಿದ ಮೇಲೆ ಫಿಲ್ಟರ್ ದಾಟಿದ ಪೈಪಿನ ಒಳಗೆ ಬಿಳಿ ಬಟ್ಟೆ ಹಾಕಿ ಒರೆಸಿ. ತಿಳಿ ಕೆಂಪು ಬಂದರೂ ಸಾಕು, ಎಲ್ಲೋ ಸೋರುತ್ತಿದೆ. ಹೊಸ ರಿಂಗ್ ಒಂದೇ ಸ್ಪರ್ಧೆಯಲ್ಲಿ ಸವೆಯಲು ಇಷ್ಟೇ ಬೇಕು. ಕ್ಲಾಂಪ್, ರಬ್ಬರ್ ಬೂಟ್ ಸರಿಪಡಿಸದೆ ಮಾರನೇ ದಿನ ಸ್ಟಾರ್ಟ್ ಮಾಡಬೇಡಿ.

ಆಯಿಲ್ ಚೇಂಬರ್ ಒಳಗೆ ತಡೆತಗಡು ಬೇಕು. ಇಲ್ಲದಿದ್ದರೆ ಉದ್ದನೆಯ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಹೋಗಿ ಪಂಪ್ ಗಾಳಿ ಎಳೆಯುತ್ತದೆ. ದೀಪ ಮಾತ್ರ ನಂಬಬೇಡಿ, ಮುಳ್ಳಿನ ಆಯಿಲ್ ಪ್ರೆಶರ್ ಗೇಜ್ ಹಾಕಿ. ಬಿಸಿ ಎಂಜಿನ್‌ನಲ್ಲಿ ಪ್ರತಿ 1,000 ಆರ್‌ಪಿಎಂಗೆ 10 ಪಿಎಸ್‌ಐ ಇದ್ದರೆ ನೆಮ್ಮದಿ.

ಆಯಿಲ್ ಚೇಂಬರ್ ಕಾಯುವ ಸಂಪ್ ಗಾರ್ಡ್ ಬೇಕೇ ಬೇಕು, ಆದರೆ ಅದು ಬಿಸಿಗಾಳಿ ಹೊರಹೋಗುವ ದಾರಿ ಮುಚ್ಚುತ್ತದೆ. ಗಾರ್ಡಿನ ಹಿಂಭಾಗ ತೆರೆದಿಡಿ, ರೇಡಿಯೇಟರ್ ದೊಡ್ಡದು ಹಾಕಿ, ಫ್ಯಾನ್‌ಗೆ ಬೇರೆ ಸ್ವಿಚ್ ಕೊಡಿ. ಕ್ಲಚ್ ಕೂಡ ಹೊಸ ಟಾರ್ಕ್ ತಡೆಯುವಂಥದ್ದೇ ಇರಬೇಕು.

## 10. ಮೊದಲ ಸ್ಟಾರ್ಟ್, ರನ್ನಿಂಗ್ ಇನ್, ಎಚ್ಚರಿಕೆಯ ಗುರುತುಗಳು

ಪ್ಲಗ್ ಬಿಚ್ಚಿಟ್ಟು ಸ್ಟಾರ್ಟರ್‌ನಲ್ಲೇ ತಿರುಗಿಸಿ ಆಯಿಲ್ ಪ್ರೆಶರ್ ಬರುವ ತನಕ ಕಾಯಿರಿ. ಆಮೇಲೆ ಸ್ಟಾರ್ಟ್. ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಟ್ಟರೆ ರಿಂಗ್ ಕೂರುವುದಿಲ್ಲ, ಬೋರ್ ಹೊಳಪಾಗಿಬಿಡುತ್ತದೆ. ಮಿನರಲ್ ಆಯಿಲ್ ಹಾಕಿ, ಮಿತವಾದ ಲೋಡ್ ಕೊಟ್ಟು, ಆಕ್ಸಿಲರೇಟರ್ ಬಿಟ್ಟು, ಮತ್ತೆ ಕೊಟ್ಟು ಓಡಿಸಿ. ಮೊದಲ 20 ನಿಮಿಷಕ್ಕೆ ಒಮ್ಮೆ, 100 ಕಿ.ಮೀ.ಗೆ ಒಮ್ಮೆ, 500ಕ್ಕೆ ಮತ್ತೊಮ್ಮೆ ಆಯಿಲ್, ಫಿಲ್ಟರ್ ಬದಲಿಸಿ. ತೆಗೆದ ಫಿಲ್ಟರನ್ನು ಕತ್ತರಿಸಿ ಕಾಗದ ಬಿಡಿಸಿ ನೋಡಿ. ಮೊದಲನೆಯದರಲ್ಲಿ ಸಣ್ಣ ಹೊಳಪು ಇರುವುದು ಸಹಜ. ಮೂರನೆಯದರಲ್ಲೂ ತಾಮ್ರದ ಬಣ್ಣದ ಚೂರು ಕಂಡರೆ ಬೇರಿಂಗ್ ಹೋಗುತ್ತಿದೆ ಎಂದರ್ಥ, ಮುಂದೆ ಓಡಿಸಬೇಡಿ.

ಪ್ಲಗ್‌ನ ಬಿಳಿ ಪಿಂಗಾಣಿ ಮೇಲೆ ಕಾಳುಮೆಣಸಿನ ಪುಡಿ ಚಿಮುಕಿಸಿದ ಹಾಗೆ ಕಪ್ಪು ಅಥವಾ ಬೆಳ್ಳಿ ಚುಕ್ಕೆ ಕಂಡರೆ ನಾಕಿಂಗ್ ಆಗುತ್ತಿದೆ. ಇಗ್ನಿಷನ್ ಹಿಂದಕ್ಕೆ ತನ್ನಿ, ಮಿಶ್ರಣ ನೋಡಿಸಿ. ತಿರುವಿನಲ್ಲಿ ಆಯಿಲ್ ಮುಳ್ಳು ಒಂದು ಸಲ ಬಿದ್ದು ಎದ್ದರೂ ಗಾಡಿ ನಿಲ್ಲಿಸಬೇಕು. ಡಿಪ್‌ಸ್ಟಿಕ್‌ನಲ್ಲಿ ಹಾಲಿನ ಚಹಾದ ಬಣ್ಣ ಕಂಡರೆ ನೀರು ಸೇರಿದೆ. ನೀರಿನ ತಾಪ ಸರಿ ಇದ್ದೂ ರೇಡಿಯೇಟರ್ ಮುಚ್ಚಳದ ಹತ್ತಿರ ಗುಳ್ಳೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್.

ರನ್ನಿಂಗ್ ಇನ್ ಮುಗಿದ ದಿನ, ಎಂಜಿನ್ ಬಿಸಿ ಇರುವಾಗ, ಥ್ರಾಟಲ್ ಪೂರ್ತಿ ತೆರೆದು ನಾಲ್ಕೂ ಸಿಲಿಂಡರಿನ ಕಂಪ್ರೆಶನ್ ಅಳೆದು ಆ ಪುಸ್ತಕದಲ್ಲೇ ಬರೆಯಿರಿ. ಪ್ರತಿ ಸ್ಪರ್ಧೆ ಆದ ಮೇಲೂ ಅಳೆಯಿರಿ. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇ. 10 ಕೆಳಗೆ ಬಂದರೆ ಆ ಪ್ಲಗ್ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಓದು ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಎರಡರಲ್ಲಿ ಯಾವುದಾದರೂ ಸರಿ, ಮುಂದಿನ ಎಂಟ್ರಿ ಫಾರ್ಮ್ ತುಂಬುವ ಮುಂಚೆ ಹೆಡ್ ಬಿಚ್ಚಿ.